ಪುಕ್ಕಟೆ ಸಾಫ್ಟ್‌ವೇರೂ ಮೂರು ಹೋಟೆಲ್ಲುಗಳೂ

ಹೋಟೆಲ್ಲುಗಳಿಗೆ ಕಂಪ್ಯೂಟರ್ ಕೂಡಿಸಿಕೊಡುವ ಕೆಲಸಕ್ಕೆ ಇಳಿದ ಮೇಲೆ ನನಗೆ ಗೊತ್ತಾದದ್ದು ಇಷ್ಟು: ಕಂಪ್ಯೂಟರ್ ಕೆಡುವುದು ವರ್ಷಕ್ಕೆ ಒಂದೆರಡು ಸಲ, ಅದರ ಸುತ್ತ ಏನಾದರೊಂದು ಆಗುವುದು ವಾರಕ್ಕೆ ಎರಡು ಸಲ. ಆದದ್ದನ್ನು ಮನೆಯಲ್ಲಿ ಹೇಳಿದರೆ ನಮ್ಮ ಮನೆಯವರು ನಗುವುದಿಲ್ಲ. ಅವರು ಸರ್ಕಾರಿ ಕಚೇರಿಯಲ್ಲಿ ಫೈಲು ನೋಡುವವರು, ನಗುವುದಕ್ಕೂ ಮೇಲಿನಿಂದ ಮಂಜೂರಾತಿ ಬರಬೇಕು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ರಾಯಚೂರಿನಲ್ಲಿ ಇಪ್ಪತ್ತು ವರ್ಷ ಕಂಪ್ಯೂಟರ್ ಕ್ಲಾಸ್ ನಡೆಸಿದವಳು. ಊರಿಗೆಲ್ಲ ‘ಟೀಚರ್’. ಈಗ ಕ್ಲಾಸಿಗೆ ಯಾರೂ ಬರುವುದಿಲ್ಲ. ಎಲ್ಲರಿಗೂ ಎಲ್ಲ ಬರುತ್ತದೆ, ಬರುವುದಿಲ್ಲ ಎಂದು ತಿಳಿಯುವುದು ಏನಾದರೂ ಕೆಡಿಸಿಕೊಂಡ ಮೇಲೆ. ಕ್ಲಾಸ್ ಮುಚ್ಚಿದರೂ ಎದುರಿಗೆ ಬಂದವರಿಗೆ ಮನಸ್ಸಿನಲ್ಲೇ ಮಾರ್ಕ್ಸ್ ಹಾಕುವ ಚಟ ಮಾತ್ರ ಹೋಗಿಲ್ಲ. ಹೊಟ್ಟೆಪಾಡಿಗೆ ಸಣ್ಣ ಸಣ್ಣ ಹೋಟೆಲ್ಲುಗಳಿಗೆ ಬಿಲ್ ಮಾಡುವ, ಆರ್ಡರ್ ಬರೆದುಕೊಳ್ಳುವ ಸಾಫ್ಟ್‌ವೇರ್ ಹಾಕಿಕೊಡಲು ಶುರು ಮಾಡಿದೆ. ಮೊದಲು ಒಂದು ಕಂಪನಿಯ ದುಡ್ಡಿನ ಸಾಫ್ಟ್‌ವೇರ್ ಹಾಕಿಕೊಟ್ಟೆ. ಆಮೇಲೆ ಓಪನ್ ಸೋರ್ಸ್‌ಗೆ ಬಂದೆ. ಯಾಕೆ ಬಂದೆ ಎನ್ನುವುದೇ ಮೊದಲನೇ ಪ್ರಸಂಗ.

೧. ಊಟದ ಹೊತ್ತಿಗೆ ಮುಗಿದ ಅವಧಿ

ರಾಯಚೂರಿನ ಒಂದು ರೊಟ್ಟಿ ಖಾನಾವಳಿ. ನಡೆಸುವವಳು ಅರವತ್ತರ ಆಸುಪಾಸಿನ ಅಕ್ಕ. ನಾನೇ ಮುಂದೆ ನಿಂತು, ದುಡ್ಡು ಕೊಡಿಸಿ, ಕಂಪನಿಯ ಸಾಫ್ಟ್‌ವೇರ್ ಹಾಕಿಸಿದ್ದೆ. ಸರಿಯಾಗಿ ಒಂದು ವರ್ಷವಾಯಿತು. ಮಧ್ಯಾಹ್ನ ಒಂದೂವರೆ. ಒಳಗೆ ನಲವತ್ತು ಜನ ಊಟಕ್ಕೆ ಕೂತಿದ್ದಾರೆ, ಹೊರಗೆ ಹತ್ತು ಜನ ನಿಂತಿದ್ದಾರೆ. ಪರದೆಯ ಮೇಲೆ ಕೆಂಪು ಅಕ್ಷರ ಬಂತು: ನಿಮ್ಮ ಅವಧಿ ಮುಗಿದಿದೆ, ನವೀಕರಿಸಿ.

ಅಕ್ಕ ನನಗೆ ಫೋನ್ ಮಾಡಿದಳು. ಓಡಿ ಹೋದೆ.

“ಯವ್ವಾ, ಯಾರ ಅವಧಿ ಮುಗದಾದ?” ಎಂದಳು. “ನಂದೋ, ನಿಂದೋ?”

ಯಾವ ಟೇಬಲ್ಲಿಗೆ ಏನು ಹೋಗಿದೆ ಎನ್ನುವುದೆಲ್ಲ ಆ ಕೆಂಪು ಅಕ್ಷರದ ಹಿಂದೆ ಸಿಕ್ಕಿಕೊಂಡಿತ್ತು. ಕಂಪನಿಗೆ ಫೋನ್ ಹಚ್ಚಿದೆ. ಕನ್ನಡಕ್ಕೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ. ಒತ್ತಿದೆ. ಒಬ್ಬ ಹೆಣ್ಣುಮಗಳ ದನಿ ಬಂತು: ‘ನಿಮ್ಮ ಕರೆ ನಮಗೆ ಮುಖ್ಯ, ದಯವಿಟ್ಟು ಕಾಯಿರಿ.’ ಸ್ಪೀಕರ್ ಹಚ್ಚಿ ಮೇಜಿನ ಮೇಲಿಟ್ಟೆ. ಅರ್ಧ ಗಂಟೆ ಅದೇ ಮಾತು. ಊಟ ಮುಗಿಸಿದವರು ಕೈ ತೊಳೆದುಕೊಂಡು ನನ್ನ ಸುತ್ತ ನಿಂತು, ನಾನು ಏನು ಮಾಡುತ್ತೇನೆ ಎಂದು ನೋಡುತ್ತಿದ್ದರು. ಎದುರಿಗಿನವರಿಗೆ ಮಾರ್ಕ್ಸ್ ಹಾಕುವವಳು ಆವತ್ತು ನಲವತ್ತು ಜನರ ಮುಂದೆ ನಾಪಾಸಾದೆ. ಇವತ್ತಿಗೂ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಅಕ್ಕ ನನ್ನನ್ನು ನಂಬಿದ್ದಳು, ಕಂಪನಿಯನ್ನಲ್ಲ.

ಅಕ್ಕ ಬೈಯಲಿಲ್ಲ. ಒಳಗೆ ಹೋಗಿ ಒಂದು ತಾಟಿನಲ್ಲಿ ಎರಡು ರೊಟ್ಟಿ, ಪಲ್ಯ, ಒಂದು ತಂಬಿಗೆ ನೀರು ತಂದು ನನ್ನ ಫೋನಿನ ಪಕ್ಕದಲ್ಲಿಟ್ಟಳು. ನನಗೆ ಎಂದುಕೊಂಡು ಕೈ ಹಾಕಿದೆ.

“ನಿನಗಲ್ಲ, ಆಕಿಗೆ,” ಎಂದು ಫೋನ್ ತೋರಿಸಿದಳು. “ಪಾಪ, ಆವಾಗಿಂದ ಒಂದ ಸವನ ಮಾತಾಡಾಕತ್ತಾಳ. ಉಂಡಾಳೋ ಇಲ್ಲೋ.”

ಆ ವಾರವೇ ನಾನು ಕಂಪನಿಯ ಸಾಫ್ಟ್‌ವೇರ್ ತೆಗೆದು ಓಪನ್ ಸೋರ್ಸ್ ಒಂದನ್ನು ಹಾಕಿದೆ. ಓಪನ್ ಸೋರ್ಸ್ ಎಂದರೆ, ಬರೆದವರು ಅದರ ಒಳಗಿನದನ್ನೆಲ್ಲ ಎಲ್ಲರ ಮುಂದೆ ತೆರೆದಿಟ್ಟಿರುತ್ತಾರೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ನಾನು ಹಾಕಿದ್ದಕ್ಕೆ ದುಡ್ಡೂ ಇಲ್ಲ, ಅವಧಿಯೂ ಇಲ್ಲ. ಕೆಟ್ಟರೆ ಬೈಯುವುದಕ್ಕೆ ಕಂಪನಿಯೂ ಇಲ್ಲ, ನಾನೇ ಸಿಗುತ್ತೇನೆ.

ಕಂಪನಿಯವರು ಸುಮ್ಮನಿರಲಿಲ್ಲ. ಅವರ ಮ್ಯಾನೇಜರ್ ಫೋನ್ ಮಾಡಿ, ರಾಯಚೂರು, ಮಾನ್ವಿ, ದೇವದುರ್ಗ ಮೂರೂ ಕಡೆಯ ಏಜೆನ್ಸಿ ನನಗೇ ಕೊಡುತ್ತೇನೆ ಎಂದ. ತಿಂಗಳ ಸಂಬಳ, ಮೇಲೆ ಕಮಿಷನ್. ನಮ್ಮ ಮನೆಯವರು ಫಾರ್ಮ್ ತರಿಸಿ, ನೀಲಿ ಪೆನ್ನಿನಲ್ಲಿ ಪೂರ್ತಿ ತುಂಬಿದರು. ನನ್ನ ಸಹಿಯ ಜಾಗವೊಂದೇ ಬಾಕಿ.

“ಆಯುಧ ಪೂಜಿ ತನಕ ನಿನ್ನ ಪುಕ್ಕಟಿದ್ದು ನಡಿಸು,” ಎಂದರು. “ಮೂರು ಹೋಟೆಲ್ಲಿನ್ಯಾಗ ಹಾಕು. ಒಂದಾದ್ರೂ ವಾಪಸ್ ಲೆಕ್ಕದ ನೋಟ್‌ಬುಕ್ಕಿಗೆ ಹೋತಂದ್ರ ಸುಮ್ನ ಸಹಿ ಮಾಡು. ನಡದ್ರ ನಾ ಈ ಫಾರ್ಮ್ ಮಾತು ತಗಿಯಂಗಿಲ್ಲ.”

ಒಪ್ಪಿಕೊಂಡೆ. ಸಹಿ ಮಾಡಿದರೆ ಮತ್ತೆ ಆ ಕೆಂಪು ಅಕ್ಷರವನ್ನೇ ಊರೂರಿಗೆ ಮಾರಬೇಕಾಗಿತ್ತು. ಅದು ನನ್ನ ಕೈಲಾಗುತ್ತಿರಲಿಲ್ಲ.

೨. ಎಣಿಸಬಾರದ ರೊಟ್ಟಿ

ಮೊದಲ ತೊಡಕು ಖಾನಾವಳಿಯಲ್ಲೇ ಬಂತು. ಸಾಫ್ಟ್‌ವೇರ್ ಪ್ರತಿಯೊಂದಕ್ಕೂ ‘ಎಷ್ಟು?’ ಎಂದು ಕೇಳುತ್ತದೆ. ಪಲ್ಯ ಎಷ್ಟು, ಮೊಸರು ಎಷ್ಟು, ರೊಟ್ಟಿ ಎಷ್ಟು. ಸಂಖ್ಯೆ ಹಾಕದಿದ್ದರೆ ಮುಂದೆ ಹೋಗುವುದಿಲ್ಲ.

ಅಕ್ಕ ಕೈ ಹಿಂದೆ ತೆಗೆದುಕೊಂಡಳು. “ಉಣ್ಣವರ ರೊಟ್ಟಿ ಎಣಸ್ತಾರೇನವ್ವಾ? ನಮ್ಮವ್ವ ಎಣಸಿಲ್ಲ, ನಮ್ಮತ್ತಿ ಎಣಸಿಲ್ಲ. ತಾಟಿನ ಮುಂದ ಕುಂತವರ ತುತ್ತು ಎಣಸಿದ್ರ ಖಾನಾವಳಿ ಉಳಿಯಂಗಿಲ್ಲ.”

“ಸುಮ್ಮನೆ ಎರಡು ಅಂತ ಹಾಕು ಅಕ್ಕಾ.”

“ಆರು ಉಂಡವಗ ಎರಡು ಅಂತ ಬರದ್ರ ಸುಳ್ಳಾಗಂಗಿಲ್ಲೇನು?”

ಎಣಿಸಲೂಬಾರದು, ಸುಳ್ಳೂ ಆಗಬಾರದು. ಮೂರು ಸಂಜೆ ಕೂತು ಸಾಫ್ಟ್‌ವೇರಿನ ಒಳಗೆ ಕೈ ಹಾಕಿದೆ. ರೊಟ್ಟಿಗೆ ಮಾತ್ರ ಸಂಖ್ಯೆ ಕೇಳದ ಹಾಗೆ, ಆ ಜಾಗದಲ್ಲಿ ‘ಹೊಟ್ಟಿ ತುಂಬ’ ಎಂದು ಅಚ್ಚಾಗುವ ಹಾಗೆ ಮಾಡಿದೆ. ಹೇಗೂ ಊಟಕ್ಕೆ ಒಂದೇ ದರ. ಬಿಲ್ಲಿನಲ್ಲಿ ಹೀಗೆ ಬರತೊಡಗಿತು: ಊಟ ಒಂದು, ಮೊಸರು ಒಂದು, ರೊಟ್ಟಿ ಹೊಟ್ಟಿ ತುಂಬ. ಅಕ್ಕ ಮೊದಲ ಬಿಲ್ಲನ್ನು ದೇವರ ಮುಂದಿಟ್ಟು ಕೈ ಮುಗಿದಳು. ನನಗೂ ಹೆಮ್ಮೆಯಾಯಿತು. ಇಷ್ಟು ಸಣ್ಣ ಖಾನಾವಳಿಯ ರೀತಿಗೆ ತಕ್ಕ ಹಾಗೆ ಯಾವ ಕಂಪನಿ ತಿದ್ದಿಕೊಡುತ್ತದೆ?

ನಾಲ್ಕನೇ ದಿನ ಕೋರ್ಟಿನ ಕಡೆಯ ಒಬ್ಬ ಗುಮಾಸ್ತರು ಊಟ ಮುಗಿಸಿ, ಬಿಲ್ ತೆಗೆದುಕೊಂಡು, ಬಾಗಿಲವರೆಗೆ ಹೋಗಿ ನಿಂತರು. ಕನ್ನಡಕ ಏರಿಸಿ ಓದಿದರು. ವಾಪಸ್ ಬಂದರು.

“ಇದರಾಗ ರೊಟ್ಟಿ ಹೊಟ್ಟಿ ತುಂಬ ಅಂತ ಅದ.”

“ಹೌದ್ರಿ,” ಎಂದಳು ಅಕ್ಕ.

“ನಂದು ತುಂಬಿಲ್ಲ. ಗಡಿಬಿಡಿ ಇತ್ತು ಅಂತ ಮೂರ ರೊಟ್ಟಿಗೆ ಎದ್ದೆ. ಅಚ್ಚಾದ ಕಾಗದದಾಗ ಸುಳ್ಳು ಇರಬಾರದು. ಇವತ್ತಿಗೆ ಮೂವತ್ತು ವರ್ಷ ಆತು, ತಪ್ಪಿದ್ದ ಕಾಗದ ತಗೊಂಡು ನಾ ಬಾಗಿಲಾ ದಾಟಿಲ್ಲ.”

ಬಿಲ್ ತಿದ್ದಬೇಕೋ ಏನು ಎಂದು ನಾನು ಕೀಬೋರ್ಡಿಗೆ ಕೈ ಹಚ್ಚಿದೆ. ಅವರು ತಡೆದರು. “ಬಿಲ್ ತಿದ್ದಬ್ಯಾಡ್ರಿ ಟೀಚರ್, ಅದು ಸರಿ ಅದ,” ಎಂದು ಚೀಲ ಕೆಳಗಿಟ್ಟು ಮತ್ತೆ ಊಟಕ್ಕೆ ಕೂತರು. “ಹೊಟ್ಟಿನ ತಿದ್ದೂಣು.”

೩. ದೇವದುರ್ಗದ ಲಗ್ನಪತ್ರಿಕೆ

ಎರಡನೇ ಹೋಟೆಲ್ ದೇವದುರ್ಗದ್ದು. ಮಂಡಕ್ಕಿಯ ಮಂಡಾಳ ವಗ್ಗರಣಿ, ಬಿಸಿ ಮಿರ್ಚಿ, ಚಹಾ. ಮಾಲಕರನ್ನು ಊರವರೆಲ್ಲ ಸಾಹುಕಾರ್ರು ಎನ್ನುತ್ತಾರೆ. ಪೂಜೆ, ವಿಭೂತಿ, ಲೆಕ್ಕಾಚಾರ ಎಲ್ಲ ಚೊಕ್ಕಟ. ಪುಕ್ಕಟೆ ಎಂದ ಕೂಡಲೇ ಅವರ ಮುಖ ಸಣ್ಣದಾಯಿತು.

“ಯಾರು ಮಾಡ್ಯಾರಿದನ್ನ?”

“ನೂರಾರು ಮಂದಿ ಸಾಹುಕಾರ್ರೇ. ಬೇರೆ ಬೇರೆ ದೇಶದವರು. ಕೂಡಿ ಬರೆದಾರೆ.”

“ಅವರಿಗೆ ನಾವು ಏನೂ ಕೊಡಂಗಿಲ್ಲ?”

“ಏನೂ ಇಲ್ಲ.”

“ಅಂದ್ರ ಗುರುತಿಲ್ಲದ ನೂರಾರು ಮಂದಿ ಋಣದಾಗ ನನ್ನ ಕೆಡವಾಕ ಬಂದೀರಿ,” ಎಂದರು ಸಾಹುಕಾರ್ರು. ಕಳ್ಳ ಮಾಲು ಹಿಡಿದುಕೊಂಡು ಬಂದವಳನ್ನು ನೋಡುವ ಹಾಗೆ ನನ್ನನ್ನು ನೋಡಿದರು.

ಅದು ಹೇಗೋ ಹಾಕಿಸಿಕೊಂಡರು. ಚೆನ್ನಾಗಿಯೇ ನಡೆಯಿತು. ಆದರೆ ಋಣದ ಚಿಂತೆ ಅವರನ್ನು ಬಿಡಲಿಲ್ಲ. ಎರಡು ತಿಂಗಳಾದ ಮೇಲೆ ಅವರ ದೊಡ್ಡ ಮಗಳ ಲಗ್ನ ಗೊತ್ತಾಯಿತು. ನಾನು ದೇವದುರ್ಗಕ್ಕೆ ಹೋದಾಗ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಲಗ್ನಪತ್ರಿಕೆ ಕೈಗೆ ಕೊಟ್ಟರು.

“ಇದು ನಿಮಗ. ಇದು ಅದನ್ನ ಬರದವರಿಗೆ,” ಎಂದು ಇನ್ನೊಂದು ಕೊಟ್ಟರು. “ಮುಟ್ಟಸ್ರಿ. ಇಲ್ಲಂದ್ರ ಮಿಷನ್ ತಗದುಬಿಡ್ರಿ. ಲಗ್ನಕ್ಕ ಕರಿಯದವರ ಕೈಲೆ ದುಡಿಸ್ಕೊಂಡು ನಾ ಮಗಳ ಮ್ಯಾಲ ಅಕ್ಕಿಕಾಳು ಹಾಕಂಗಿಲ್ಲ.”

ತಮಾಷೆಯ ಮಾತಲ್ಲ. ತೆಗೆದರೆ ಫಾರ್ಮಿಗೆ ಸಹಿ. ಮುಟ್ಟಿಸುವುದೆಲ್ಲಿ? ಬರೆದವರಿಗೆ ಒಂದು ಊರಿಲ್ಲ, ವಿಳಾಸವಿಲ್ಲ. ಸಾಫ್ಟ್‌ವೇರಿನಲ್ಲಿ ಏನಾದರೂ ಕೆಟ್ಟರೆ ತಿಳಿಸಲು ಇಂಟರ್ನೆಟ್ಟಿನಲ್ಲಿ ಒಂದು ಪುಟವಿದೆ, ಅದನ್ನು ಎಲ್ಲರೂ ನೋಡುತ್ತಾರೆ. ಅಲ್ಲಿ ಹಾಕೋಣ ಎಂದೆ. ಸಾಹುಕಾರ್ರ ಮುಂದೆಯೇ ಲ್ಯಾಪ್‌ಟಾಪ್ ತೆರೆದು ಪತ್ರಿಕೆಯ ಫೋಟೋ ಏರಿಸಿದೆ. ಆದರೆ ಆ ಪುಟದಲ್ಲಿ ಮೂರು ಪ್ರಶ್ನೆಗೆ ಉತ್ತರ ಬರೆಯದೆ ಕಳಿಸಲು ಬರುವುದಿಲ್ಲ. ಒಂದೊಂದಾಗಿ ಕನ್ನಡದಲ್ಲಿ ಓದಿ ಹೇಳಿದೆ.

“ಏನಾಯಿತು?”

“ಮಗಳ ಲಗ್ನ ಗೊತ್ತಾತು ಅಂತ ಬರೀರಿ.”

“ಏನಾಗಬೇಕಿತ್ತು?”

“ಎಲ್ಲಾರೂ ಮನಿ ಮಂದಿನ ಕರ್ಕೊಂಡು ಎರಡು ದಿನ ಮೊದಲ ಬರಬೇಕು.”

“ಇದು ಮತ್ತೆ ಆಗುವಂತೆ ಮಾಡುವುದು ಹೇಗೆ?”

ಸಾಹುಕಾರ್ರು ಗಾಬರಿಯಾದರು. “ಮತ್ತ ಯಾಕ ಆಗಬೇಕು? ಆಕಿಗೆ ಒಂದ ಸಲ ಸಾಕು ಅನ್ರಿ. ಸಣ್ಣಾಕಿ ಒಬ್ಬಾಕಿ ಅದಾಳ, ಆಕಿದು ಡಿಗ್ರಿ ಮುಗದ ಮ್ಯಾಲ.”

ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಮೂರು ದಿನ ಸದ್ದಿಲ್ಲ. ನಾಲ್ಕನೇ ದಿನ ಯಾರೋ ಒಬ್ಬರು ಅದರ ಕೆಳಗೆ ‘ಪರಿಶೀಲಿಸಲಾಗಿದೆ, ಇದು ದೋಷವಲ್ಲ’ ಎಂದು ಷರಾ ಬರೆದು ಮುಚ್ಚಿದ್ದರು. ಫೋನ್ ಮಾಡಿ ಹೇಳಿದೆ. ಸಾಹುಕಾರ್ರಿಗೆ ಸಮಾಧಾನವಾಯಿತು. “ಖರೆ ಅದರೀ. ನಾವೂ ಎಲ್ಲಾ ಕಡೆ ವಿಚಾರಿಸೀವಿ, ಹುಡುಗ ಚೊಲೊ ಅದಾನ.”

ಯಾರೂ ಲಗ್ನಕ್ಕೆ ಬರಲಿಲ್ಲ. ಆದರೆ ಲಗ್ನದ ಹಿಂದಿನ ದಿನ ಎಲ್ಲಿಯೋ ಇರುವ ಒಬ್ಬ ಹುಡುಗ ಒಂದು ಕೆಲಸ ಮಾಡಿದ್ದ. ನಮ್ಮ ಬಿಲ್ಲಿನಲ್ಲಿ ಕನ್ನಡದ ಒತ್ತಕ್ಷರಗಳು ಕೆಳಗೆ ಕೂಡದೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದವು. ಅದನ್ನು ಸರಿಪಡಿಸಿ, ‘ಮದುಮಗಳಿಗೆ’ ಎಂದು ಬರೆದು ಹಾಕಿದ್ದ. ಓದಿ ನನ್ನ ಕಣ್ಣಲ್ಲಿ ನೀರು ಬಂತು, ಹೇಳಲು ಸಂಕೋಚವೇನಿಲ್ಲ. ಗುರುತು ಪರಿಚಯವಿಲ್ಲದವನು ದೇವದುರ್ಗದ ಹುಡುಗಿಗೆ ಉಡುಗೊರೆ ಮಾಡಿದ್ದ.

ಮಂಟಪದ ಪಕ್ಕದಲ್ಲಿ ಆಯೇರ ಬರೆದುಕೊಳ್ಳಲು ಒಬ್ಬರು ಕೂತಿರುತ್ತಾರೆ. ಯಾರು ಏನು ಉಡುಗೊರೆ ತಂದರು ಎಂದು ಬರೆದಿಟ್ಟು, ಮುಂದೆ ಅವರ ಮನೆಯ ಕಾರ್ಯಕ್ಕೆ ಅಷ್ಟೇ ತೂಕದ್ದು ಒಯ್ಯುವುದು ನಮ್ಮ ಕಡೆಯ ಪದ್ಧತಿ. ಸಾಹುಕಾರ್ರು ಖುದ್ದು ಬಂದು ಬರೆಸಿದರು. ಸೋದರಮಾವನ ತಾಮ್ರದ ಹಂಡೆ, ಬೀಗರ ಇಳಕಲ್ ಸೀರೆ, ಇವೆರಡರ ನಡುವೆ: ಊರು ಗೊತ್ತಿಲ್ಲದ ಹುಡುಗ, ಒತ್ತಕ್ಷರ ರಿಪೇರಿ.

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು. “ಟೀಚರ್, ಆ ಹುಡುಗನ ಲಗ್ನ ಗೊತ್ತಾದ್ರ ಹೇಳ್ರಿ. ಅವರ ಭಾಷಾದಾಗ ಏನರ ಕೆಟ್ಟಿದ್ರ ನಾವೂ ಮಾಡಿಕೊಡಬೇಕಲ್ಲ.”

೪. ಉಸ್ತಾದರ ಮೊಳೆ

ಮೂರನೆಯದು ಮಾನ್ವಿಯ ಬಿರ್ಯಾನಿ ಹೋಟೆಲ್. ಮಾಲಕರಿಗೆ ಎಲ್ಲರೂ ಚಾಚಾ ಎನ್ನುತ್ತಾರೆ. ಇಲ್ಲಿ ಸಪ್ಲೈಯರ್ ಕೈಗೆ ಒಂದು ಮೊಬೈಲ್ ಕೊಟ್ಟೆ. ಟೇಬಲ್ ಹತ್ತಿರ ಆರ್ಡರ್ ಒತ್ತಿದರೆ ಅಡುಗೆಮನೆಯ ಸಣ್ಣ ಪ್ರಿಂಟರಿನಿಂದ ಚೀಟಿ ಹೊರಬರುತ್ತದೆ, ಅಡುಗೆ ಮಾಡುವ ಬಾವರ್ಚಿ ನೋಡಿ ಕೊಡುತ್ತಾನೆ.

ಮೊದಲ ದಿನ ನಾನೇ ಹೋಗಿ ಒಂದು ಟೇಬಲ್ಲಿನಲ್ಲಿ ಕೂತೆ. ಅರ್ಧ ಗಂಟೆಯಲ್ಲಿ ಬಾವರ್ಚಿ ಕೈತುಂಬ ಚೀಟಿ ಹಿಡಿದುಕೊಂಡು ಹೊರಗೆ ಬಂದ. ಎಲ್ಲ ಚೀಟಿಗಳೂ ಕರ್ರಗೆ, ಕಾಡಿಗೆ ಬಳಿದ ಹಾಗೆ.

“ಟೀಚರ್, ಎಲ್ಲಾರೂ ತಳ ಹತ್ತಿದ್ದ ಬಿರ್ಯಾನಿ ಕೇಳ್ಯಾರೇನು?”

ತಪ್ಪು ನನ್ನದೇ. ಆ ಪ್ರಿಂಟರಿನ ಕಾಗದಕ್ಕೆ ಬಿಸಿ ತಾಗಿದರೆ ಕಪ್ಪಾಗುತ್ತದೆ. ಬಾವರ್ಚಿ ಹಳೆಯ ರೂಢಿಯಂತೆ ಚೀಟಿಗಳನ್ನು ಭಟ್ಟಿಯ ಮೇಲಿನ ಮೊಳೆಗೆ ಸಿಕ್ಕಿಸುತ್ತಿದ್ದ. ಇಪ್ಪತ್ತು ವರ್ಷ ಇದನ್ನೇ ಪಾಠ ಹೇಳಿದವಳಿಗೆ ಮೊಳೆ ಎಲ್ಲಿದೆ ಎಂದು ನೋಡುವ ಬುದ್ಧಿ ಬರಲಿಲ್ಲ.

ಮೊಳೆ ಕಿತ್ತು ಬೇರೆ ಕಡೆ ಹೊಸದು ಹೊಡೆಯಿರಿ ಎಂದೆ. ಬಾವರ್ಚಿ ಒಪ್ಪಲಿಲ್ಲ. ಅದು ಅವನಿಗೆ ಕೆಲಸ ಕಲಿಸಿದ ಉಸ್ತಾದರು ಹೊಡೆದ ಮೊಳೆ. ಕೊನೆಗೆ ಅದೇ ಮೊಳೆಯನ್ನು ಮೆಲ್ಲಗೆ ಕಿತ್ತು, ಒರೆಸಿ, ಎದುರು ಗೋಡೆಗೆ ಹೊಡೆದೆವು.

ಚಾಚಾ ಹೇಳಿದರು: “ಟೀಚರಮ್ಮಾ, ನಿಮ್ಮ ಮ್ಯಾಲ ಇಜ್ಜತ್ ಅದ, ಅದಕ್ಕ ಸುಮ್ನ ಅದೀನಿ. ಇನ್ನೊಮ್ಮಿ ಹಿಂಗ ಆತಂದ್ರ ನನಗ ನನ್ನ ನೋಟ್‌ಬುಕ್ಕ ಬೇಸ್.”

ಆದರೆ ನನಗೆ ಆಶ್ಚರ್ಯವಾದದ್ದು ಬೇರೆ. ಚೀಟಿ ಕಪ್ಪಾದರೂ ಆವತ್ತು ಎಲ್ಲರಿಗೂ ಅವರವರ ಪ್ಲೇಟ್ ಸರಿಯಾಗಿಯೇ ಹೋಗಿತ್ತು. ಬಾವರ್ಚಿ ಕಿಟಕಿಯಿಂದ ಒಬ್ಬೊಬ್ಬರ ಮುಖ ನೋಡಿ ಕಳಿಸಿದ್ದ. ಇವರಿಗೆ ಬಿರ್ಯಾನಿ, ಇವರಿಗೆ ಬರೀ ಖುಷ್ಕಾ ಅನ್ನ, ಇವರಿಗೆ ಸಾರು ಹೆಚ್ಚು. ಬರುವವರೆಲ್ಲ ವರ್ಷಗಟ್ಟಲೆಯಿಂದ ಬರುವವರು. ತಪ್ಪಿದ್ದು ನನ್ನೊಬ್ಬಳದೇ. ನಾನು ಚಹಾ ಹೇಳಿದ್ದೆ, ಬಂದದ್ದು ಒಂದು ದೊಡ್ಡ ಲೋಟ ತಣ್ಣೀರು.

ಯಾಕೆ ಎಂದು ಕೇಳಿದೆ.

“ಟೀಚರ್ ಮಾರಿ ನೋಡಿದೆ,” ಎಂದ ಬಾವರ್ಚಿ. “ನೀರು ಬೇಕಾಗ್ಯಾವ ಅನಿಸ್ತು.”

೫. ಸಪ್ಪಗಾದ ಹೋಟೆಲ್

ಚೀಟಿ ಸರಿಯಾಯಿತು. ಹದಿನೈದು ದಿನಕ್ಕೆ ಚಾಚಾ ಫೋನ್ ಮಾಡಿದರು. “ಬರ್ರಿ ಟೀಚರಮ್ಮಾ, ನೋಟ್‌ಬುಕ್ ತಗದೀನಿ. ಇನ್ನಾ ಬರದಿಲ್ಲ. ಬಂದು ನೋಡ್ರಿ, ಆಮ್ಯಾಲ ಬರೀತೀನಿ.”

ಬಸ್ ಹತ್ತಿ ಹೋದೆ. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಮೊಬೈಲ್ ಒತ್ತುತ್ತಾರೆ, ಚೀಟಿ ಬರುತ್ತದೆ, ಪ್ಲೇಟ್ ಹೋಗುತ್ತದೆ. ತೊಂದರೆ ಏನೆಂದು ಕೇಳುವುದರೊಳಗೆ ಕುರ್ಡಿ ಕಡೆಯ ಒಬ್ಬ ರೈತರು ಬಾಗಿಲಲ್ಲಿ ನಿಂತು, ತಲೆಯ ರುಮಾಲು ತೆಗೆದು, ದನಿ ಇಳಿಸಿ ಕೇಳಿದರು.

“ಚಾಚಾ, ಯಾರ್ ಹೋದ್ರು?”

“ಯಾರೂ ಹೋಗಿಲ್ಲಪ್ಪಾ, ಬಾ, ಕುಂದ್ರು.”

“ಹಂಗಾರ ಯಾಕ ಹಿಂಗ ಸುಮ್ನ ಅದೀರಿ ಎಲ್ಲಾರೂ? ಇರಲಿ, ನೀವು ದುಃಖದಾಗ ಅದೀರಿ, ಇನ್ನೊಮ್ಮಿ ಬರ್ತೀನಿ,” ಎಂದು ಎದುರಿನ ಹೋಟೆಲ್ಲಿಗೆ ಹೋದರು.

ಚಾಚಾ ನನ್ನ ಕಡೆ ನೋಡಿದರು. ಆಗ ನನಗೆ ಹೊಳೆಯಿತು. ಆ ಹೋಟೆಲ್ಲಿಗೆ ಬೋರ್ಡಿಗಿಂತ ದೊಡ್ಡದು ಸಪ್ಲೈಯರ್ ಬಾಯಿ. ಮೂವತ್ತು ವರ್ಷದಿಂದ ಅವರು ಟೇಬಲ್ ಹತ್ತಿರ ನಿಂತು ಅಡುಗೆಮನೆಗೆ ಕೇಳುವ ಹಾಗೆ ಒದರುತ್ತಿದ್ದರು: “ಏಕ್ ಬಿರ್ಯಾನೀ! ದೋ ಖುಷ್ಕಾ! ಚಾಯ್ ಏಕ್, ಶಕ್ಕರ್ ಕಮ್!” ಬಸ್ಸಿನಿಂದ ಇಳಿದವರಿಗೆ ಆ ದನಿ ಕೇಳಿದ ಕೂಡಲೇ ಹಸಿವಾಗುತ್ತಿತ್ತು. ನಾನು ಕೈಗೆ ಮೊಬೈಲ್ ಕೊಟ್ಟು ಆ ಬಾಯಿ ಮುಚ್ಚಿಸಿದ್ದೆ.

“ಮೊಬೈಲೂ ಒತ್ತಿ, ಬಾಯಿಂದಲೂ ಒದರಿ,” ಎಂದೆ ಅವರಿಗೆ.

ಅವರು ಭುಜದ ಮೇಲಿನ ವಸ್ತ್ರ ಸರಿಮಾಡಿಕೊಂಡು ಹೇಳಿದರು. “ಒಂದ ಕೆಲಸಾ ಎರಡು ಸರ್ತಿ ಮಾಡಂದ್ರ ಪಗಾರಾನೂ ಎರಡು ಸರ್ತಿ ಬೇಕಲ್ರಿ ಟೀಚರ್.”

ಅವರಿಗೆ ನೂರಕ್ಕೆ ತೊಂಬತ್ತು ಹಾಕಿದೆ. ಉತ್ತರ ಸರಿಯಾಗಿತ್ತು.

ಹಾಗಿದ್ದರೆ ಕಂಪ್ಯೂಟರೇ ಒದರಲಿ ಎಂದು ತೀರ್ಮಾನಿಸಿದೆ. ಸಪ್ಲೈಯರ್ ದನಿಯನ್ನೇ ಹಿಡಿದು ಸಾಫ್ಟ್‌ವೇರಿನೊಳಗೆ ಸೇರಿಸಬೇಕು. ಮೊಬೈಲಿನಲ್ಲಿ ಯಾರು ಒತ್ತಿದರೂ ಅಡುಗೆಮನೆಯ ಸ್ಪೀಕರಿನಲ್ಲಿ ಅವರ ದನಿ ಬರಬೇಕು. ಒಂದರಿಂದ ಹತ್ತರವರೆಗೆ ಸಂಖ್ಯೆ, ಇಪ್ಪತ್ತೆರಡು ತಿನಿಸಿನ ಹೆಸರು. ಪಕ್ಕದ ಖಾಲಿ ಕೋಣೆಯಲ್ಲಿ ಕೂಡಿಸಿ ಹೇಳಿಸಿದರೆ ಅವರ ಬಾಯಿಂದ ದನಿಯೇ ಬರಲಿಲ್ಲ. ಕೈಯಲ್ಲಿ ಟ್ರೇ ಕೊಟ್ಟು, ಎದುರಿಗೆ ಹಸಿದ ನಾಲ್ಕು ಜನರನ್ನು ಕೂಡಿಸಿದ ಮೇಲೆ ಎಲ್ಲ ಸಲೀಸಾಯಿತು. ಎರಡು ವಾರ ಕಷ್ಟಪಟ್ಟು ಕೂಡಿಸಿದೆ. ಸ್ಪೀಕರ್ ಮೊದಲ ಸಲ ಒದರಿದಾಗ ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಚಾಚಾ ನೋಟ್‌ಬುಕ್ಕನ್ನು ಡ್ರಾಯರಿಗೆ ಹಾಕಿದರು, ಆದರೆ ಕೀಲಿ ಹಾಕಲಿಲ್ಲ.

ಮರುದಿನ ಬಾವರ್ಚಿ ಏನೋ ಹೇಳಲು ಬಂದ, ದೂರು ಎಂದುಕೊಂಡೆ. ಸಪ್ಲೈಯರ್ ಒದರುವಾಗ ಇವನು ನಡುನಡುವೆ ಮರುಮಾತು ಕೊಡುತ್ತಿದ್ದನಂತೆ: ತಡಿ, ಬಂತು, ಬಾಯಿ ಮುಚ್ಚು. ಈಗ ಸ್ಪೀಕರಿಗೆ ಎಷ್ಟು ಬೈದರೂ ಅದು ಕೇಳಿಸಿಕೊಳ್ಳುವುದಿಲ್ಲ.

“ಇಷ್ಟು ಬೈದೀನಿ, ಒಂದ ಸರ್ತಿನೂ ತಿರುಗಿ ಅಂದಿಲ್ಲ,” ಎಂದ. “ಎಷ್ಟು ಚೊಲೊ ಆಗ್ಯಾನ ಮನಿಷ್ಯಾ.”

೬. ಎರಡು ಕಡೆ ಇದ್ದ ಗಂಡ

ಸಪ್ಲೈಯರ್ ಮನೆ ಹೋಟೆಲ್ಲಿನ ಹಿಂದಿನ ಓಣಿಯಲ್ಲಿ. ಅವರ ಹೆಂಡತಿ ಗಡಿಯಾರ ನೋಡುವವಳಲ್ಲ. ಮಧ್ಯಾಹ್ನ ಗಂಡನ ದನಿ ನಿಂತಿತೆಂದರೆ ಡ್ಯೂಟಿ ಮುಗಿಯಿತು ಎಂದು ರೊಟ್ಟಿ ತಟ್ಟುತ್ತಿದ್ದಳು. ಕೈಕಾಲು ತೊಳೆದುಕೊಂಡು ಬರುವುದರೊಳಗೆ ಬಿಸಿ ರೊಟ್ಟಿ. ಮೂವತ್ತು ವರ್ಷ ಹೀಗೆಯೇ ನಡೆದಿತ್ತು.

ಈಗ ಅವರು ಮನೆಗೆ ಬಂದು ಬಾಗಿಲಲ್ಲಿ ನಿಂತರೂ ಒಲೆ ಹಚ್ಚಿರುವುದಿಲ್ಲ. ಹೋಟೆಲ್ಲಿನಲ್ಲಿ ಚಾಚಾ ಮೊಬೈಲ್ ಒತ್ತುತ್ತಿರುತ್ತಾರೆ, ಗೋಡೆಯಾಚೆಯಿಂದ ಇವರದೇ ದನಿ: “ದೋ ಖುಷ್ಕಾ!”

“ನಿಮ್ಮ ಕೆಲಸ ಇನ್ನಾ ಮುಗದಿಲ್ಲ, ಯಾಕ ಬಂದ್ರಿ?” ಎಂದಳಂತೆ ಹೆಂಡತಿ. ಎದುರು ನಿಂತ ಗಂಡನಿಗಿಂತ ಆಕೆಗೆ ಕೇಳುವ ದನಿಯ ಮೇಲೆ ನಂಬಿಕೆ.

ಗಂಡ ಎರಡು ದಿನ ವಾದ ಮಾಡಿ ನೋಡಿದರು. ಮೂರನೇ ದಿನ ಇದರಲ್ಲಿ ಲಾಭವೂ ಇದೆ ಎಂದು ಅವರಿಗೆ ಹೊಳೆಯಿತು. ಗಿರಾಕಿ ಕಡಿಮೆಯಿದ್ದಾಗ ಚಾಚಾರಿಗೆ ‘ಐದು ಮಿನಿಟ್’ ಎಂದು ಹೇಳಿ ಹೊರಟರೆ, ಬಸ್ ನಿಲ್ದಾಣದ ಹಿಂದೆ ಪಗಡಿ ಆಟಕ್ಕೆ ಕೂತು ಎರಡು ತಾಸು. ಹೆಂಡತಿಗೆ ಗಂಡ ದುಡಿಯುತ್ತಿದ್ದಾನೆ ಎಂದು ಕಿವಿ ತುಂಬ ಸಾಕ್ಷಿ. ನನಗೆ ಇದು ಯಾವುದೂ ಗೊತ್ತಿರಲಿಲ್ಲ.

ಆಯುಧ ಪೂಜೆಯ ದಿನ ಬಂತು. ಬೆಳಿಗ್ಗೆ ಮನೆಯ ಪೂಜೆ ಮುಗಿಸಿ ಮಾನ್ವಿಗೆ ಹೊರಟೆ. ಅಕ್ಕನ ಖಾನಾವಳಿ ನಡೆಯುತ್ತಿತ್ತು, ಸಾಹುಕಾರ್ರ ಹೋಟೆಲ್ ನಡೆಯುತ್ತಿತ್ತು, ಇದೊಂದನ್ನು ಕಣ್ಣಾರೆ ನೋಡಬೇಕಾಗಿತ್ತು. ಕಚೇರಿಗೆ ರಜೆ, ನಮ್ಮ ಮನೆಯವರೂ ಬಂದರು. ಫಾರ್ಮ್ ಅಂಗಿಯ ಜೇಬಿನಲ್ಲಿತ್ತು, ನೀಲಿ ಪೆನ್ನೂ ಇತ್ತು. ಏಜೆನ್ಸಿಗೆ ಆವತ್ತೇ ಕಡೆಯ ದಿನ.

ನಾವಿಬ್ಬರೂ ಚಹಾ ಕುಡಿಯುತ್ತ ಕೂತಿದ್ದೆವು. ಸ್ಪೀಕರ್ ಒದರುತ್ತಿತ್ತು, ಟೇಬಲ್ಲುಗಳು ತುಂಬಿದ್ದವು. ನಮ್ಮ ಮನೆಯವರು ಎಲ್ಲವನ್ನೂ ಇನ್‌ಸ್ಪೆಕ್ಷನ್‌ಗೆ ಬಂದವರಂತೆ ನೋಡುತ್ತಿದ್ದರು. ಆಗ ಒಬ್ಬ ಹೆಣ್ಣುಮಗಳು ಕೈಯಲ್ಲಿ ಊಟದ ಡಬ್ಬಿ ಹಿಡಿದು ಕೌಂಟರಿಗೆ ಬಂದಳು.

“ಚಾಚಾ, ಅವರನ್ನ ಕರೀರಿ. ದಿನಾ ತಡಾ ಆಕ್ಕದ ಅಂತ ಇಲ್ಲೇ ತಂದೀನಿ.”

ಚಾಚಾ ತಡವರಿಸಿದರು. “ಈಗ... ಹೊರಗ ಹೋಗ್ಯಾನ, ಬರ್ತಾನ.”

ಅಷ್ಟರಲ್ಲಿ ಒಳಗಿನಿಂದ: “ಚಾಯ್ ಏಕ್, ಶಕ್ಕರ್ ಕಮ್!”

“ಒಳಗ ಅದಾರಲ್ಲ,” ಎಂದು ಆಕೆ ನೇರ ಅಡುಗೆಮನೆಗೆ ಹೋದಳು. ಚಾಚಾ ಹಿಂದೆ ಓಡಿದರು, ನಾನೂ ಓಡಿದೆ, ನಮ್ಮ ಮನೆಯವರೂ ಜೇಬು ಹಿಡಿದುಕೊಂಡು ಬಂದರು. ಒಳಗೆ ಬಾವರ್ಚಿ ಒಬ್ಬನೇ. ಗೋಡೆಯ ಮೇಲಿನ ಕಪ್ಪು ಡಬ್ಬಿ ಆಕೆಯ ಮುಖಕ್ಕೆ ಸರಿಯಾಗಿ ಒದರಿತು: “ಏಕ್ ಬಿರ್ಯಾನೀ!”

ಆಕೆ ಡಬ್ಬಿಯನ್ನು ನೋಡಿದಳು. ಬಾವರ್ಚಿಯನ್ನು ನೋಡಿದಳು. ಬಾವರ್ಚಿ ಸತ್ಯವಂತ. “ಬಸ್ ಸ್ಟ್ಯಾಂಡ್ ಹಿಂದ, ಪಗಡಿ,” ಎಂದ.

ಚಾಚಾ ಯಾರನ್ನೋ ಓಡಿಸಿ ಅವರನ್ನು ಕರೆಸಿದರು. ಸಪ್ಲೈಯರ್ ಬಂದು ತಲೆ ತಗ್ಗಿಸಿ ನಿಂತರು. ಆಕೆ ಸ್ಪೀಕರ್ ಕಿತ್ತು ಬೀದಿಗೆ ಎಸೆಯುತ್ತಾಳೆ ಎಂದೇ ನಾನು ಅಂದುಕೊಂಡೆ. ಚಾಚಾ ಆಕೆಯ ಮಾತು ಮೀರುವವರಲ್ಲ, ಮೂವತ್ತು ವರ್ಷದ ಆಳು, ಅವನ ಮನೆಯ ಜಗಳ ಅವರಿಗೆ ಬೇಡ. ಅವರ ಕೈ ಆಗಲೇ ನೋಟ್‌ಬುಕ್ಕಿನ ಡ್ರಾಯರ್ ಎಳೆದಿತ್ತು. ನಮ್ಮ ಮನೆಯವರು ಪೆನ್ನಿನ ಮುಚ್ಚಳ ತೆಗೆದರು. ನಾನು ಎಷ್ಟು ಸಂಜೆ ಕೂತು ಮಾಡಿದ ಕೆಲಸ, ಒಬ್ಬರ ಪಗಡಿ ಆಟಕ್ಕೆ ಹೋಯಿತಲ್ಲ ಎಂದು ಸಿಟ್ಟು ಬಂತು.

ಆಕೆ ಸ್ಪೀಕರಿನ ಮುಂದೆಯೇ ನಿಂತು ಮತ್ತೆ ಎರಡು ಆರ್ಡರ್ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಇದನ್ನ ಮಾಡಿದವರು ನೀವೇನ್ರಿ?”

“ಹೌದು.”

“ಇದು ಪುಕ್ಕಟಿ ಅಂತಲ್ಲ?”

“ಹೌದು.”

“ಏನು ಬೇಕಾದ್ದು ಅನ್ನಂಗ ಮಾಡಾಕ ಬರ್ತದೇನು?”

“ಬರ್ತದೆ,” ಎಂದೆ, ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯದೆ.

“ಹಂಗಾರ ನನ್ನ ಮನಿಗೂ ಒಂದು ಹಾಕಿಕೊಡ್ರಿ. ಹೋಟೆಲ್ಲಿನ್ಯಾಗ ಊರಿಗೆಲ್ಲಾ ಕೇಳಂಗ ಒದರ್ತಾರ. ಮನಿಗೆ ಬಂದ್ರ ಬಾಯಿನ ಬಿಡಂಗಿಲ್ಲ. ಮೂವತ್ತು ವರ್ಷಾತು ಅಡಗಿ ಮಾಡಿ ಬಡಸಾಕತ್ತು. ‘ಊಟ ಚೊಲೊ ಆಗ್ಯಾದ’ ಅಂತ ಒಂದ ಸರ್ತಿ ಅಂದಿಲ್ಲ. ಬಿರ್ಯಾನಿ, ಖುಷ್ಕಾ ಏನೂ ಬ್ಯಾಡ ನನಗ. ಅದೊಂದ ಮಾತು ಹಾಕ್ರಿ. ದಿನಾ ಎರಡು ಹೊತ್ತು ನಾನ ಒತ್ತಗೋತೀನಿ.”

ಚಾಚಾ ಡ್ರಾಯರ್ ಮುಚ್ಚಿದರು. “ಮಾಡ್ರಿ ಟೀಚರಮ್ಮಾ, ಈಗಿಂದೀಗ ಮಾಡ್ರಿ,” ಎಂದರು. “ಹೋಟೆಲ್ಲಿಂದೂ ಹಂಗ ಇರಲಿ. ನೋಟ್‌ಬುಕ್ ನನಗ ಇನ್ನ ಬ್ಯಾಡ.”

ನನ್ನ ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿ ಸಪ್ಲೈಯರ್ ಕೈಗೆ ಕೊಟ್ಟೆ. ಊರಿಗೆಲ್ಲ ಕೇಳುವ ಹಾಗೆ ಒದರುವ ಮನುಷ್ಯ ಹೆಂಡತಿಯ ಎದುರು ನಾಲ್ಕು ಅಕ್ಷರ ಹೇಳಲಾಗದೆ ಬೆವರಿದರು. ಮೊದಲನೇ ಸಲ ‘ಊಟ’ ಎಂದು ನಿಂತರು. ಎರಡನೇ ಸಲ ರೂಢಿಬಲದಿಂದ ‘ಊಟ ಏಕ್’ ಎಂದರು.

ಆ ಹೊತ್ತಿಗೆ ನಮ್ಮ ಮನೆಯವರ ಫೋನ್ ರಿಂಗಾಯಿತು. ಕಂಪನಿಯ ಮ್ಯಾನೇಜರ್. ಸಹಿ ಆಯಿತೇ ಎಂದು ಕೇಳಿದ. ನಮ್ಮ ಮನೆಯವರು ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಕಚೇರಿಯ ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಕೇಳಿದರು.

“ಒಂದು ಮಾಹಿತಿ ಬೇಕಿತ್ರಿ. ನಿಮ್ಮ ಸಾಫ್ಟ್‌ವೇರಿನ್ಯಾಗ ಹೆಂಡತಿ ಮಾಡಿದ ಅಡಗಿ ಹೊಗಳೋ ವ್ಯವಸ್ಥಾ ಅದ ಏನು?”

ಆ ಕಡೆ ಕೀಬೋರ್ಡ್ ಒತ್ತಿದ ಸದ್ದಾಯಿತು. ಆಮೇಲೆ ಮ್ಯಾನೇಜರ್ ಹೇಳಿದ್ದು ನನಗೂ ಕೇಳಿಸಿತು. “ಸದ್ಯಕ್ಕೆ ಇಲ್ಲ ಸರ್. ಮುಂದಿನ ವರ್ಷನ್‌ನಲ್ಲಿ ಬರುತ್ತೆ. ಆದರೆ ಅದಕ್ಕೆ ಬೇರೆ ಚಾರ್ಜ್ ಆಗುತ್ತೆ.”

“ಹಂಗಾರ ಬ್ಯಾಡ ಬಿಡ್ರಿ,” ಎಂದರು ನಮ್ಮ ಮನೆಯವರು. “ನಮ್ಮಾಕಿ ಇಲ್ಲೇ ನಿಂತು ಹತ್ತು ಮಿನಿಟಿನ್ಯಾಗ ಮಾಡಾಕತ್ತಾಳ. ಆಕಿಯಷ್ಟು ಶಾಣ್ಯಾಕಿ ಈ ಮೂರು ಊರಾಗ ಇಲ್ಲ.”

ಮದುವೆಯಾಗಿ ಇಪ್ಪತ್ತಾರು ವರ್ಷ, ಇಂಥ ಮಾತು ಇದೇ ಮೊದಲು. ತಕ್ಷಣ ರೆಕಾರ್ಡ್ ಮಾಡಿಕೊಳ್ಳಬೇಕೆಂದು ಫೋನಿಗೆ ಕೈಚಾಚಿದೆ. ಅದು ಸಪ್ಲೈಯರ್ ಕೈಯಲ್ಲಿತ್ತು. ಅವರಿನ್ನೂ ಒಂಬತ್ತನೇ ಸಲ ‘ಊಟ’ ಎಂದು ನಿಂತಿದ್ದರು.